ಹೊಸ ವಿಂಡೋಸ್ ಹಾಕಿಸಿದರೂ ಕೊನೆಗೆ ಹಳೇ ಗಂಡನ ಪಾದವೇ ಗತಿ!

ತುಮಕೂರಿರಲಿ, ಹಾಸನವಿರಲಿ, ಮಂಡ್ಯವಿರಲಿ, ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಎದುರು ಸಾಲು ನೋಡಿದರೆ 'ಜೆರಾಕ್ಸ್, ಲ್ಯಾಮಿನೇಷನ್, ಡಿ.ಟಿ.ಪಿ.' ಎಂಬ ಬೋರ್ಡು ಕಣ್ಣಿಗೆ ಬಿದ್ದೇ ಬೀಳುತ್ತದೆ. ಇಂಥ ಹಲವು ಅಂಗಡಿಗಳಲ್ಲಿ ಎರಡು ಕಂಪ್ಯೂಟರುಗಳಿರುತ್ತವೆ. ಒಂದು ಮುಂದುಗಡೆ, ಗಿರಾಕಿಗೆ ಕಾಣುವ ಹಾಗೆ, ಹೊಸದು, ತೆಳ್ಳಗಿನದು. ಆಧಾರ್ ಕಾರ್ಡು, ಪಹಣಿ, ವಾಟ್ಸಾಪ್ ಫೋಟೋ ಎಲ್ಲಾ ಅದರಲ್ಲಿ. ಇನ್ನೊಂದು ಹಿಂದುಗಡೆ ಮೂಲೆಯಲ್ಲಿ, ದೇವರ ಪಟದ ಕೆಳಗೆ, ಹಳದಿ ತಿರುಗಿದ ಡಬ್ಬ. ಅದರ ಪರದೆಯ ಮೇಲೆ ಹಸಿರು ಗುಡ್ಡ, ನೀಲಿ ಆಕಾಶ.

ಗುಡ್ಡ ಕಂಡ ತಕ್ಷಣ ಬಲ್ಲವರು ನಗುತ್ತಾರೆ. ಅದು ವಿಂಡೋಸ್ ಎಕ್ಸ್‌ಪಿ. 2001ರ ಅಕ್ಟೋಬರ್ 25ರಂದು ಮಾರುಕಟ್ಟೆಗೆ ಬಂದದ್ದು. 2014ರ ಏಪ್ರಿಲ್ 8ಕ್ಕೆ ಮೈಕ್ರೋಸಾಫ್ಟ್ ಕಂಪನಿ ಅದರಿಂದ ಕೈ ತೊಳೆದುಕೊಂಡದ್ದು. (ಗುಡ್ಡ ಮಾತ್ರ ಬರೆದ ಚಿತ್ರವಲ್ಲ, ನಿಜವಾದದ್ದೇ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದೆ. ಚಾರ್ಲ್ಸ್ ಓರಿಯರ್ ಎಂಬ ಛಾಯಾಗ್ರಾಹಕರು 1996ರಲ್ಲಿ ತೆಗೆದ ಫೋಟೋ ಅದು.) ಎಕ್ಸ್‌ಪಿ ಇಲ್ಲದ ಕಡೆ ವಿಂಡೋಸ್ 7 ಇರುತ್ತದೆ. ಅದಕ್ಕೂ 2020ರ ಜನವರಿ 14ಕ್ಕೆ ಎಳ್ಳುನೀರು ಬಿಟ್ಟಾಗಿದೆ.

ಬಿಸಾಡೋಕೆ ಮನಸ್ಸು ಬಾರದೆ ಇಟ್ಟುಕೊಂಡಿದ್ದಾರೆ ಎಂದುಕೊಂಡರೆ ತಪ್ಪು. ಅಂಗಡಿಯ ಅನ್ನ ಬೇಯುವುದು ಆ ಮೂಲೆಯ ಒಲೆಯಲ್ಲೇ! ಮದುವೆ ಕಾರ್ಡು, ಗೃಹಪ್ರವೇಶ, ವೈಕುಂಠ ಸಮಾರಾಧನೆ, ಜಾತ್ರೆ ಪೋಸ್ಟರು, ಪಂಚಾಯ್ತಿ ಎಲೆಕ್ಷನ್ ಕರಪತ್ರ, ಅಂಗಡಿಗಳ ಬಿಲ್ ಬುಕ್ಕು, ಎಲ್ಲಕ್ಕೂ ಮ್ಯಾಟರ್ ಕೂರುವುದು ಅಲ್ಲಿ. ಶಿವಕಾಶಿಯಿಂದ ಬಂದ ಖಾಲಿ ಕಾರ್ಡಿಗೆ ಊರಿನ ಅಕ್ಷರ ಹತ್ತುವುದು ಅಲ್ಲಿಂದ.

ಇಂಥ ಡಬ್ಬಕ್ಕೆ ಹೊಸ ವಿಂಡೋಸ್ ಹಾಕಿಸಿ, ವಾರದೊಳಗೆ ಮತ್ತೆ ಹಳೇದನ್ನೇ ಹಾಕಿಸಿಕೊಂಡವರು ಒಬ್ಬಿಬ್ಬರಲ್ಲ. ಕಥೆಯ ಧಾಟಿ ಎಲ್ಲಾ ಕಡೆ ಒಂದೇ. ರಿಪೇರಿ ಹುಡುಗ ಬರುತ್ತಾನೆ. "ಅಣ್ಣಾ, ಇದು ಸತ್ತು ಎಷ್ಟೋ ವರ್ಷ ಆಯ್ತು. ಹೊಸದು ತಗೊಂಬಿಡಿ, ವಿಂಡೋಸ್ 11 ಹಾಕ್ಕೊಡ್ತೀನಿ, ಜಿಂಕೆ ಥರ ಓಡ್ತದೆ" ಅನ್ನುತ್ತಾನೆ. ಯಜಮಾನರು ತಲೆಯಾಡಿಸುತ್ತಾರೆ. ಜಿಂಕೆ ಓಡುತ್ತದೆ, ಸುಳ್ಳಲ್ಲ. ಮಾರನೇ ದಿನ ಗಿರಾಕಿ ಬಂದು, "ಸಾರ್, ಹೋದ ವರ್ಷ ಅಕ್ಕನ ಮದುವೆಗೆ ಮಾಡಿಸಿದ್ದೆವಲ್ಲ, ಅದೇ ಮ್ಯಾಟರ್‌ನಲ್ಲಿ ಹೆಸರು ಬದಲಾಯಿಸಿ ಕೊಡಿ" ಎಂದಾಗ ಶುರು ನೋಡಿ ಪಜೀತಿ. ಕಡತ ತೆರೆದುಕೊಳ್ಳದು. ತೆರೆದುಕೊಂಡರೆ ವಧುವಿನ ತಂದೆಯ ಹೆಸರಿದ್ದ ಜಾಗದಲ್ಲಿ ಯಾವುದೋ ದೇಶದ ಲಿಪಿ!

ಪೌಂಡ್ ಗುರುತಿನ ಕನ್ನಡ

ಇದು ಏಕೆ ಹೀಗೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏಕೆಂದರೆ ಅಂಗಡಿಯವರನ್ನು 'ಹಳೇ ಕಾಲದವರು' ಎಂದು ಆಡಿಕೊಳ್ಳುವವರಿಗೆ ಈ ಒಳಗುಟ್ಟು ಗೊತ್ತಿಲ್ಲ.

ಹಳೇ ಕನ್ನಡ ತಂತ್ರಾಂಶಗಳಲ್ಲಿ ಕಡತದೊಳಗೆ ಇರುವುದು ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿ ಮಾಡಿದ ವೇಷ ಅದು. ನುಡಿಯ ಹಳೇ ಫಾಂಟಿನಲ್ಲಿ 'ಕನ್ನಡ' ಎಂದು ಟೈಪು ಮಾಡಿ, ಆಮೇಲೆ ಫಾಂಟು ಬದಲಿಸಿ ನೋಡಿದರೆ ಬಣ್ಣ ಬಯಲು. ಮೊದಲು ದೊಡ್ಡ ಪಿ, ನಂತರ ನೆತ್ತಿಯ ಮೇಲೆ ಓರೆ ಗೀಟು ಹೊತ್ತ ಎ, ಆಮೇಲೆ ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ನರು ಎರಡು ಎಸ್‌ಗೆ ಬಳಸುವ ಒಂದು ಅಕ್ಷರ, ಸಣ್ಣ ಕ್ಯೂ, ಕೊನೆಗೆ ಇನ್ನೊಮ್ಮೆ ಅದೇ ಎ. ಒಟ್ಟು 7. ನುಡಿ ಫಾಂಟು ಇದ್ದರೆ ಈ ಏಳೂ ಸೇರಿ 'ಕನ್ನಡ' ಎಂದು ಕಾಣುತ್ತವೆ. ಇಲ್ಲದಿದ್ದರೆ ಕಾಗೆ ಗೂಬೆ.

ಅದರ ಮೇಲೆ ಇನ್ನೊಂದು ಕಿತಾಪತಿ. ನುಡಿಯಲ್ಲಿ ಪಿ ಅಕ್ಷರ ಕ ಆದರೆ, ಶ್ರೀಲಿಪಿಯಲ್ಲಿ ಇನ್ನೇನೋ. ಒಬ್ಬೊಬ್ಬ ತಯಾರಕರದು ಒಂದೊಂದು ಲೆಕ್ಕ. ಇಲ್ಲಿ ಕೂರಿಸಿದ ಮ್ಯಾಟರ್ ಅಲ್ಲಿ ಓದೋಕಾಗಲ್ಲ. ಒಂದೇ ಭಾಷೆಗೆ ಇಷ್ಟು ಗುಪ್ತಲಿಪಿ ಮಾಡಿಕೊಂಡ ಖ್ಯಾತಿ ನಮ್ಮದು!

ಯೂನಿಕೋಡ್ ಎಂಬ ಏಕರೂಪದ ಸಂಕೇತದಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಮನೆಗಳನ್ನು ಕಾದಿರಿಸಿದ್ದರು. ಅದರಲ್ಲಿ 'ಕನ್ನಡ' ಎಂಬುದು ಕ, ನ, ವಿರಾಮ, ನ, ಡ ಎಂದು 5 ಸಂಕೇತ, ಅಷ್ಟೆ. ಫಾಂಟು ಯಾವುದೇ ಇರಲಿ, ಕನ್ನಡ ಕನ್ನಡವೇ. ಮೊಬೈಲಿನಲ್ಲಿ, ವಾಟ್ಸಾಪಿನಲ್ಲಿ ಜನ ಬರೆಯುತ್ತಿರುವುದು ಇದನ್ನೇ. ಹಾಗಿದ್ದ ಮೇಲೆ ಡಿ.ಟಿ.ಪಿ. ಅಂಗಡಿಯವರಿಗೆ ಏನು ರೋಗ ಎಂದು ಕೇಳಬಹುದು.

ರೋಗದ ಹೆಸರು ಪೇಜ್‌ಮೇಕರ್. 1985ರಲ್ಲಿ ಆಲ್ಡಸ್ ಎಂಬ ಕಂಪನಿ ತಂದ ಪುಟ ಕಟ್ಟುವ ತಂತ್ರಾಂಶ. 1994ರಲ್ಲಿ ಅಡೋಬಿ ಕಂಪನಿ ಆಲ್ಡಸ್ಸನ್ನೇ ಕೊಂಡಿತು. 2001ರಲ್ಲಿ ಬಂದ 7.0 ಅದರ ಕೊನೆಯ ದೊಡ್ಡ ಆವೃತ್ತಿ. ನಮ್ಮ ಕಡೆ ಮೊಳೆ ಜೋಡಿಸುತ್ತಿದ್ದ ಎಷ್ಟೋ ಪ್ರೆಸ್ಸುಗಳು ಸೀಸದ ಮೊಳೆಗಳನ್ನು ತೂಕಕ್ಕೆ ಹಾಕಿ ಹತ್ತಿದ ಬಂಡಿ ಇದು. ಇದಕ್ಕೆ ಯೂನಿಕೋಡ್ ಕನ್ನಡ ಬರುವುದಿಲ್ಲ. ಹಿಂದೆಯೂ ಬರುತ್ತಿರಲಿಲ್ಲ, ಇನ್ನು ಮುಂದೆ ಕಲಿಸುವವರೂ ಇಲ್ಲ.

ಹೊಸ ವಿಂಡೋಸಿನಲ್ಲಿ ನುಡಿಯ ಹಳೇ ಫಾಂಟು ಹಾಕಿದರೆ ಅಕ್ಷರವೇನೋ ಬಂದುಬಿಡುತ್ತದೆ. ಅಲ್ಲಿಗೆ ರಿಪೇರಿ ಹುಡುಗ ಗೆದ್ದೆ ಅಂದುಕೊಳ್ಳುತ್ತಾನೆ. ಆದರೆ ಪೇಜ್‌ಮೇಕರ್ ಒಂದು ಅಂಗಡಿಯಲ್ಲಿ ಓಡಿದರೆ ಪಕ್ಕದ ಅಂಗಡಿಯಲ್ಲಿ ಓಡದು. ಓಡಿದರೂ ಪ್ರಿಂಟು ಕೊಡುವಾಗ ಕಣ್ಣು ಮುಚ್ಚಿಕೊಳ್ಳುತ್ತದೆ. ಮುಹೂರ್ತಕ್ಕೆ ಹತ್ತು ದಿನ ಇರುವಾಗ ಬಟರ್ ಪೇಪರ್ ಮೇಲೆ ಪ್ರಿಂಟು ಬರಲಿಲ್ಲ ಅಂದರೆ ಅದು ಕಂಪ್ಯೂಟರಿನ ದೋಷ ಅಂತ ಹೆಣ್ಣಿನ ಕಡೆಯವರು ಒಪ್ಪುತ್ತಾರೆಯೇ?

ಬೀಗದ ಕೈ ಇದೆ, ಬೀಗ ಹಾಕೋ ಕಿಂಡಿಯೇ ಇಲ್ಲ

ದುಡ್ಡು ಕೊಟ್ಟು ಕನ್ನಡ ತಂತ್ರಾಂಶ ಕೊಂಡ ಮರ್ಯಾದಸ್ಥರ ಗೋಳು ಇನ್ನೂ ಒಂದು ಕೈ ಮೇಲು. ಅಂಥ ತಂತ್ರಾಂಶದ ಜತೆ ಡಾಂಗಲ್ ಎಂಬ ಹೆಬ್ಬೆರಳು ಗಾತ್ರದ ಲಾಕು ಬರುತ್ತಿತ್ತು. ಕಂಪ್ಯೂಟರಿನ ಹಿಂದೆ ಪ್ರಿಂಟರ್ ಸಿಕ್ಕಿಸುವ ಅಗಲದ ಕಿಂಡಿಗೆ ಅದನ್ನು ಸಿಕ್ಕಿಸಿದರೆ ಮಾತ್ರ ತಂತ್ರಾಂಶ ಬಾಯಿ ಬಿಡುವುದು. ಈಗಿನ ಕಂಪ್ಯೂಟರುಗಳಿಗೆ ಆ ಕಿಂಡಿ ಸಾಮಾನ್ಯವಾಗಿ ಇರುವುದೇ ಇಲ್ಲ. ಕಾಪಿ ಹೊಡೆದವನು ಆರಾಮ. ರಸೀತಿ ಇಟ್ಟುಕೊಂಡವನಿಗೆ ಶಿಕ್ಷೆ.

ಕಿಂಡಿ ಇದ್ದರೂ ತಾಪತ್ರಯ ಮುಗಿಯದು. ಹಳೇ ಲೇಸರ್ ಪ್ರಿಂಟರು, ಹಳೇ ಸ್ಕ್ಯಾನರು, ಈ ಡಾಂಗಲ್ಲು, ಪ್ರತಿಯೊಂದಕ್ಕೂ ವಿಂಡೋಸ್ ಜತೆ ಮಾತಾಡಿಸುವ ಡ್ರೈವರ್ ಎಂಬ ಸಣ್ಣ ತಂತ್ರಾಂಶ ಬೇಕು. 32 ಬಿಟ್ ಕಾಲದಲ್ಲಿ ಬರೆದ ಡ್ರೈವರನ್ನು 64 ಬಿಟ್ ವಿಂಡೋಸ್ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದಕ್ಕೂ ಹಿಂದಿನ 16 ಬಿಟ್ ತಂತ್ರಾಂಶವನ್ನಂತೂ ಬಾಗಿಲ ಹತ್ತಿರವೂ ಸೇರಿಸುವುದಿಲ್ಲ. 2021ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11 ಬರೀ 64 ಬಿಟ್. ಅದರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಕೆಲವು ಹಳೇ ತಂತ್ರಾಂಶಗಳು ತಾವು 32 ಬಿಟ್ ಆದರೂ ಅವುಗಳನ್ನು ಸ್ಥಾಪಿಸುವ ಸೆಟಪ್ ಕಡತ 16 ಬಿಟ್‌ನದು. ಮದುಮಗನಿಗೆ ಅಡ್ಡಿಯಿಲ್ಲ, ಕರೆತಂದ ಜೋಡೆತ್ತಿಗೆ ಪ್ರವೇಶವಿಲ್ಲ ಎಂದ ಹಾಗೆ!

ಇದು ಪ್ರೆಸ್ಸಿನವರ ಪಾಡು ಮಾತ್ರವಲ್ಲ. ಪೇಟೆ ಬೀದಿಯ ಮಂಡಿ, ಗಿರವಿ ಅಂಗಡಿ, ಸಹಕಾರ ಸಂಘಗಳಲ್ಲಿ ಒಂದು ಕಾಲಕ್ಕೆ ಫಾಕ್ಸ್‌ಪ್ರೋದಲ್ಲಿ ಬರೆಸಿದ ಲೆಕ್ಕದ ತಂತ್ರಾಂಶಗಳು ಇದ್ದವು. ಕಪ್ಪು ಪರದೆ, ಬಾಣದ ಗುಂಡಿ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಕರಕರ ಸದ್ದು. ಊರಿನದೇ ಹುಡುಗ ಬರೆದುಕೊಟ್ಟಿರುತ್ತಿದ್ದ. 2017ರ ಜುಲೈ 1ಕ್ಕೆ ಜಿ.ಎಸ್.ಟಿ. ಬಂದಾಗ ಅವುಗಳಲ್ಲಿ ಬಿಲ್ಲು ಹಾಕುವುದು ಬಹುಮಟ್ಟಿಗೆ ನಿಂತಿತು. ಆದರೆ ಹಳೇ ಖಾತೆ, ಹಳೇ ಬಾಕಿ, ಯಾರ ಒಡವೆ ಯಾವಾಗ ಬಂತು ಎಂಬ ದಾಖಲೆ ಅದರಲ್ಲೇ ಉಳಿಯಿತು. ಡಾಸ್ ಕಾಲದ ಆ ತಂತ್ರಾಂಶ 64 ಬಿಟ್‌ನಲ್ಲಿ ನೇರವಾಗಿ ಓಡುವುದಿಲ್ಲ. ಹೀಗಾಗಿ ಗಲ್ಲಾಪೆಟ್ಟಿಗೆಯ ಪಕ್ಕದ ಹಳೇ ಡಬ್ಬಕ್ಕೂ ನಿವೃತ್ತಿ ಇಲ್ಲ.

ಹಿಂದಕ್ಕೆ ಹೋಗೋದು ಕಳ್ಳತನವಲ್ಲ

ಹಳೇ ವಿಂಡೋಸಿಗೆ ಮರಳುವುದು ಏನೋ ನಾಚಿಕೆಗೇಡಿನ ಕೆಲಸ ಎಂಬ ಭಾವನೆ ಕೆಲವರಿಗಿದೆ. ಹಾಗೇನಿಲ್ಲ. 2007ರ ಜನವರಿಯಲ್ಲಿ ವಿಸ್ತಾ ಎಂಬ ವಿಂಡೋಸ್ ಬಂತು. ಹಳೇ ತಂತ್ರಾಂಶ, ಹಳೇ ಯಂತ್ರಗಳ ಜತೆ ಅದರ ಸಂಸಾರ ಸರಿಹೋಗಲಿಲ್ಲ. ವಿಸ್ತಾದ ಬಿಸಿನೆಸ್ ಮತ್ತು ಅಲ್ಟಿಮೇಟ್ ಆವೃತ್ತಿ ಕೊಂಡವರು ಎಕ್ಸ್‌ಪಿಗೆ ಇಳಿಯಬಹುದು ಎಂಬ ಹಕ್ಕನ್ನು ಮೈಕ್ರೋಸಾಫ್ಟೇ ಕೊಟ್ಟಿತ್ತು. ಮುಂದೆ 2009ರಲ್ಲಿ ಬಂದ ವಿಂಡೋಸ್ 7ರ ಪ್ರೊಫೆಷನಲ್ ಆವೃತ್ತಿಗೆ 'ಎಕ್ಸ್‌ಪಿ ಮೋಡ್' ಎಂಬುದನ್ನು ಪುಕ್ಕಟೆ ಕೊಟ್ಟಿತು. ಹೊಸ ವಿಂಡೋಸಿನ ಹೊಟ್ಟೆಯೊಳಗೆ ಇಡೀ ಎಕ್ಸ್‌ಪಿ ಓಡುವ ಏರ್ಪಾಟು ಅದು. ತಯಾರಿಸಿದವರಿಗೇ ಗೊತ್ತಿತ್ತು, ಜನ ಯಾಕೆ ಹಳೇದನ್ನು ಬಿಡುವುದಿಲ್ಲ ಎಂದು.

ಈ ಹಕ್ಕು ಸಾಮಾನ್ಯವಾಗಿ 'ಪ್ರೊ' ಎಂಬ ದುಬಾರಿ ಆವೃತ್ತಿಗೆ ಮಾತ್ರ. ಅಗ್ಗದ 'ಹೋಮ್' ಆವೃತ್ತಿಗೆ ಇಲ್ಲ. ಅಂಗಡಿಗೆ ಕಂಪ್ಯೂಟರು ಕೊಳ್ಳುವವರಿಗೆ ಇದನ್ನು ಮಾರುವವರು ಹೇಳುವುದುಂಟೇ? 'ಏನು ಕೆಲಸಕ್ಕೆ ಸಾರ್, ಯಾವ ಕನ್ನಡ ಬಳಸ್ತೀರಿ' ಎಂಬ ಒಂದು ಪ್ರಶ್ನೆ ಕೇಳಿದ್ದರೆ ಅರ್ಧ ರಗಳೆ ಅಲ್ಲೇ ತೀರುತ್ತಿತ್ತು.

ವಿಂಡೋಸ್ 10 ಇದ್ದ ಯಂತ್ರವನ್ನು 11ಕ್ಕೆ ಏರಿಸಿ ಕೈಸುಟ್ಟುಕೊಂಡವರಿಗೆ ದಾರಿ ಸುಲಭ. ಆದರೆ ಅವಧಿ ಬರೀ 10 ದಿನ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರೊಳಗೆ ರಿಕವರಿ, ಅಲ್ಲಿ 'ಗೋ ಬ್ಯಾಕ್' ಎಂಬ ಗುಂಡಿ. ಹಳೇ ವಿಂಡೋಸು ಅಷ್ಟು ದಿನ 'ವಿಂಡೋಸ್ ಡಾಟ್ ಓಲ್ಡ್' ಎಂಬ ಫೋಲ್ಡರಿನಲ್ಲಿ ಉಸಿರು ಹಿಡಿದು ಕೂತಿರುತ್ತದೆ. ಜಾಗ ತುಂಬಿದೆ ಅಂತ ಯಾರೋ ಅದನ್ನು ಅಳಿಸಿದರೆ ಹೋಯಿತು. ಹುಡುಗ ಏರಿಸುವ ಬದಲು ಡಿಸ್ಕ್ ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿದ್ದರೂ ಹೋಯಿತು.

ಹೊಸ ಯಂತ್ರಕ್ಕೇ 7 ಅಥವಾ ಎಕ್ಸ್‌ಪಿ ಹಾಕಿಬಿಡ್ತೀನಿ ಎಂದು ಹೊರಡುವವರದು ದಂಡಯಾತ್ರೆ. ವಿಂಡೋಸ್ 7ರ ಡಿಸ್ಕಿನಲ್ಲಿ ಯು.ಎಸ್.ಬಿ. 3ರ ಡ್ರೈವರ್ ಇಲ್ಲ. ಹಾಗಾಗಿ 2015ರ ಈಚಿನ ಎಷ್ಟೋ ಯಂತ್ರಗಳಲ್ಲಿ ಸ್ಥಾಪನೆ ಶುರುವಾದ ಕೂಡಲೇ ಮೌಸು ಸತ್ತು, ಕೀಬೋರ್ಡು ಸತ್ತು, 'ಮುಂದೆ' ಎಂಬ ಗುಂಡಿ ಒತ್ತುವವರೇ ಇಲ್ಲದೆ ಪರದೆ ಪಿಳಿಪಿಳಿ ನೋಡುತ್ತದೆ. ಎಕ್ಸ್‌ಪಿಯದು ಇನ್ನೂ ಹಠ. ಈಗಿನ ಸಾಟಾ ಡಿಸ್ಕುಗಳ ಭಾಷೆ ಅದಕ್ಕೆ ಬರುವುದಿಲ್ಲ. ಬಯಾಸ್‌ಗೆ ಹೋಗಿ ಐ.ಡಿ.ಇ. ಎಂದು ಬದಲಿಸದಿದ್ದರೆ ನೀಲಿ ಪರದೆ ತೋರಿಸಿ ಕೂರುತ್ತದೆ. 8 ಜಿ.ಬಿ. ಮೆಮೊರಿ ಹಾಕಿಸಿದರೂ ಸಾಮಾನ್ಯ ಎಕ್ಸ್‌ಪಿ 4ರ ಮೇಲೆ ಮುಟ್ಟುವುದಿಲ್ಲ. ಹೀಗಾಗಿ ಬುದ್ಧಿವಂತ ರಿಪೇರಿಯವರು ಹೊಸ ಯಂತ್ರಕ್ಕೆ ಹಳೇದನ್ನು ತುರುಕುವುದಿಲ್ಲ. ಗುಜರಿ ಸೇರಬೇಕಿದ್ದ ಹಳೇ ಯಂತ್ರಗಳ ಬೋರ್ಡು, ಮೆಮೊರಿ ಜೋಪಾನ ಮಾಡಿಟ್ಟುಕೊಂಡಿರುತ್ತಾರೆ.

ಹಾಳಾದದ್ದು ನೆಟ್ಟು ಸಿಕ್ಕಿಸಿದಾಗ

ಇಷ್ಟರ ತನಕ ಅಂಗಡಿಯವರ ಪರವಾಗಿ ಹೇಳಿದ್ದಾಯಿತು. ಇನ್ನು ಅವರು ಕೇಳಲೊಲ್ಲದ ಮಾತು.

ಹಳೇ ವಿಂಡೋಸು ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ. ಅದಕ್ಕೆ ಇಂಟರ್‌ನೆಟ್ ಸಿಕ್ಕಿಸುವುದು ತಪ್ಪು. ಬೆಂಬಲ ಮುಗಿದ ಮೇಲೆ ಸಿಕ್ಕ ತೂತುಗಳನ್ನು ಮುಚ್ಚುವವರಿಲ್ಲ. ಕ್ರೋಮ್ ಬ್ರೌಸರ್ ಕೂಡ ಎಕ್ಸ್‌ಪಿಯನ್ನು 2016ರಲ್ಲಿ, ವಿಂಡೋಸ್ 7ನ್ನು 2023ರಲ್ಲಿ ಕೈಬಿಟ್ಟಿದೆ.

2017ರ ಮೇ 12ರಂದು 'ವಾನ್ನಾಕ್ರೈ' ಎಂಬ ಪಿಡುಗು ಜಗತ್ತಿನ ಕಂಪ್ಯೂಟರುಗಳಿಗೆ ಬಡಿಯಿತು. ಕಡತಗಳನ್ನೆಲ್ಲಾ ಗುಪ್ತಲಿಪಿಗೆ ತಿರುಗಿಸಿ, ಬಿಡಿಸಿಕೊಡಲು 300 ಡಾಲರ್ ಕಕ್ಕು ಎಂದು ಪರದೆಯ ಮೇಲೆ ನೋಟೀಸು ಹಾಕುತ್ತಿತ್ತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳ ಕೆಲಸವೇ ನಿಂತಿತು. ಎಕ್ಸ್‌ಪಿಯಿಂದ ಕೈ ತೊಳೆದುಕೊಂಡು ಮೂರು ವರ್ಷವಾಗಿದ್ದ ಮೈಕ್ರೋಸಾಫ್ಟ್, ಅಂದು ತಾನೇ ತುರ್ತಾಗಿ ಎಕ್ಸ್‌ಪಿಗೊಂದು ತೇಪೆ ಬಿಡುಗಡೆ ಮಾಡಬೇಕಾಯಿತು. ನಿಜ ಹೇಳಬೇಕೆಂದರೆ ಹೆಚ್ಚು ಬಲಿಯಾದದ್ದು ವಿಂಡೋಸ್ 7. ಅದಕ್ಕೆ ಬೆಂಬಲ ಇನ್ನೂ ಇತ್ತು, ಎರಡು ತಿಂಗಳ ಹಿಂದೆ, ಮಾರ್ಚ್‌ನಲ್ಲೇ ತೇಪೆಯೂ ಬಂದಿತ್ತು. ಹಾಕಿಕೊಳ್ಳದೆ ಕೂತವರು ಕೆಟ್ಟರು.

ಆ ಪಿಡುಗು ಒಂದು ಯಂತ್ರದಿಂದ ಇನ್ನೊಂದಕ್ಕೆ ಹಾರಿದ್ದು ಎಸ್.ಎಂ.ಬಿ. ಒಂದನೇ ಆವೃತ್ತಿ ಎಂಬ ಬಾಗಿಲಿಂದ. ಕಂಪ್ಯೂಟರುಗಳು ಪರಸ್ಪರ ಕಡತ ಹಂಚಿಕೊಳ್ಳುವ ಹಳೇ ಪದ್ಧತಿ ಅದು. ಎಕ್ಸ್‌ಪಿಗೆ ಬರುವುದು ಅದೊಂದೇ. ವಿಂಡೋಸ್ 10ರಲ್ಲಿ 2017ರ ಕೊನೆಯ ವೇಳೆಗೆ ಹೊಸದಾಗಿ ಹಾಕುವಾಗ ಆ ಬಾಗಿಲು ಮುಚ್ಚೇ ಇರುವಂತೆ ಮಾಡಿದರು. ಈಗ ಅಂಗಡಿಯಲ್ಲಿ ಏನಾಗುತ್ತದೆ? ಮುಂದಿನ ಹೊಸ ಯಂತ್ರಕ್ಕೆ ವಾಟ್ಸಾಪಿನಲ್ಲಿ ಬಂದ ಫೋಟೋ ಹಿಂದಿನ ಎಕ್ಸ್‌ಪಿಗೆ ಹೋಗಬೇಕು. "ಎರಡನ್ನೂ ವೈರ್ ಎಳೆದು ಸೇರಿಸಿಬಿಡಯ್ಯಾ" ಅನ್ನುತ್ತಾರೆ ಯಜಮಾನರು. ಹುಡುಗ ಹೊಸ ಯಂತ್ರದಲ್ಲಿ ಮುಚ್ಚಿದ್ದ ಆ ಬಾಗಿಲನ್ನೇ ತೆರೆದು ಸೇರಿಸುತ್ತಾನೆ. ಯಾವ ಕಿಂಡಿಯಿಂದ ಕಳ್ಳ ನುಗ್ಗಿದ್ದನೋ ಅದೇ ಕಿಂಡಿಗೆ ಹೊಸ ಮೆಟ್ಟಿಲು! ಇಪ್ಪತ್ತು ವರ್ಷದ ಮ್ಯಾಟರ್ ಇರುವ ಡಿಸ್ಕು ಹೀಗೆ ಬೀದಿಗೆ ಬೀಳುತ್ತದೆ. ಪೆನ್‌ಡ್ರೈವಿನಲ್ಲಿ ಓಡಾಡಿಸುವುದೇ ಎಷ್ಟೋ ವಾಸಿ. ಅದನ್ನೂ ಮೊದಲು ಹೊಸ ಯಂತ್ರದಲ್ಲಿ ವೈರಸ್ ತಪಾಸಣೆ ಮಾಡಿ, ಎಕ್ಸ್‌ಪಿಯಲ್ಲಿ ತಾನಾಗಿ ತೆರೆದುಕೊಳ್ಳುವ ಆಟೋರನ್ ನಿಲ್ಲಿಸಿ.

ಮನೆಯೊಳಗೊಂದು ಬಾಡಿಗೆ ಕೋಣೆ

ಹಳೇ ಡಬ್ಬ ಒಂದಲ್ಲ ಒಂದು ದಿನ ಹೊಗೆ ಹಾಕಿಸಿಕೊಳ್ಳುತ್ತದೆ. ಅದಕ್ಕೆ ಮೊದಲೇ ಮಾಡಬಹುದಾದ ಕೆಲಸವಿದೆ. ವರ್ಚುವಲ್‌ಬಾಕ್ಸ್ ಎಂಬ ಪುಕ್ಕಟೆ ತಂತ್ರಾಂಶವನ್ನು ಹೊಸ ಕಂಪ್ಯೂಟರಿಗೆ ಹಾಕಿದರೆ, ಅದರೊಳಗೆ ಒಂದು ಎಕ್ಸ್‌ಪಿಯನ್ನು ಬಾಡಿಗೆ ಕೋಣೆಯಲ್ಲಿ ಇಟ್ಟ ಹಾಗೆ ಇಡಬಹುದು. ಆ ಕೋಣೆಗೆ ನೆಟ್ಟಿನ ಸಂಪರ್ಕವನ್ನೇ ಕೊಡದೆ ಇರಬಹುದು. ಇಡೀ ಕೋಣೆ ಡಿಸ್ಕಿನ ಮೇಲೆ ಒಂದು ಫೋಲ್ಡರ್ ಅಷ್ಟೆ. ನಕಲು ಮಾಡಿ ಇನ್ನೊಂದು ಡಿಸ್ಕಿನಲ್ಲಿಟ್ಟರೆ ಯಂತ್ರ ಸತ್ತರೂ ಕೋಣೆ ಉಳಿಯುತ್ತದೆ. ಯು.ಎಸ್.ಬಿ. ಡಾಂಗಲ್ ಆದರೆ ಸಾಮಾನ್ಯವಾಗಿ ಒಳಗೂ ಕಾಣುವಂತೆ ಮಾಡಬಹುದು. ಹಳೇ ಅಗಲ ಕಿಂಡಿಯದಾದರೆ ಕಷ್ಟ. ಡಾಸ್ ಲೆಕ್ಕದವರಿಗೆ ಡಾಸ್‌ಬಾಕ್ಸ್ ಎಂಬ ಇಂಥದೇ ಕೋಣೆ ಇದೆ, ಅದೂ ಪುಕ್ಕಟೆ.

ಇದು ದಿನ ದೂಡುವ ಉಪಾಯ. ಮ್ಯಾಟರನ್ನೇ ಯೂನಿಕೋಡಿಗೆ ತಿರುಗಿಸಿದವರು ಮಾತ್ರ ಬಂಧನದಿಂದ ಪಾರು. ನುಡಿ, ಬರಹಗಳ ಜತೆಗೇ ತಿರುಗಿಸುವ ಸಲಕರಣೆ ಬರುತ್ತದೆ. ತೊಂದರೆ ಇಲ್ಲವೆಂದಲ್ಲ. ಹಳೇ ಫಾಂಟಿನಲ್ಲಿ ಅರ್ಕಾವೊತ್ತನ್ನು ಅಕ್ಷರದ ನಂತರ ಕೂರಿಸುತ್ತಾರೆ; ಯೂನಿಕೋಡಿನಲ್ಲಿ ರಕಾರ ಮೊದಲು ಬರುತ್ತದೆ. ತಿರುಗಿಸುವಾಗ 'ಸೂರ್ಯ', 'ಕಾರ್ಯಕ್ರಮ', 'ಆಶೀರ್ವಾದ' ಇವನ್ನೆಲ್ಲ ಕಣ್ಣಿಟ್ಟು ನೋಡಬೇಕು. ಆಮಂತ್ರಣ ಪತ್ರಿಕೆಯಲ್ಲಿ ಅರ್ಕಾವೊತ್ತಿಲ್ಲದ ಸಾಲು ಎಷ್ಟಿರುತ್ತದೆ ಹೇಳಿ!

ಪುಟವನ್ನೇ ಎತ್ತಿಕೊಂಡು ಹೋಗುತ್ತೇನೆ ಎನ್ನುವವರಿಗೆ ಇದ್ದ ಒಂದು ಸೇತುವೆ ಇನ್‌ಡಿಸೈನ್ ಸಿಎಸ್6. 2012ರ ಆ ಆವೃತ್ತಿ ಪೇಜ್‌ಮೇಕರ್ 6 ಮತ್ತು 7ರ ಕಡತಗಳನ್ನು ತೆರೆಯುತ್ತಿತ್ತು, ಕನ್ನಡ ಯೂನಿಕೋಡನ್ನೂ ಸರಿಯಾಗಿ ಕೂರಿಸುತ್ತಿತ್ತು. 2013ರಿಂದ ಅಡೋಬಿ ತಿಂಗಳ ಬಾಡಿಗೆ ಲೆಕ್ಕಕ್ಕೆ ಹೋಯಿತು. ಆ ಸಾಲಿನ ಇನ್‌ಡಿಸೈನ್‌ಗಳು ಪೇಜ್‌ಮೇಕರ್ ಕಡತವನ್ನು ಮುಟ್ಟುವುದಿಲ್ಲ. ಹಾಗಾಗಿ ಹಳೇ ಯಂತ್ರ ಜೀವಂತ ಇರುವಾಗಲೇ ಪ್ರತಿ ಕಡತಕ್ಕೂ ಒಂದು ಪಿ.ಡಿ.ಎಫ್. ಮಾಡಿಟ್ಟುಕೊಂಡರೆ, ಕೊನೇಪಕ್ಷ ಏನು ಬರೆದಿತ್ತು ಎಂದಾದರೂ ಕಣ್ಣಿಗೆ ಕಾಣುತ್ತದೆ.

ಇನ್ನು ಬೆರಳಿನ ವಿಷಯ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವೇ ನುಡಿಯದು. ಕೆ ಒತ್ತಿದರೆ ಕ, ಒತ್ತಕ್ಷರಕ್ಕೆ ನಡುವೆ ಎಫ್. ಯೂನಿಕೋಡಿನಲ್ಲೂ ಅದೇ ವಿನ್ಯಾಸದಲ್ಲಿ ಟೈಪು ಮಾಡಬಹುದು. ಇಪ್ಪತ್ತು ವರ್ಷ ಕೂತು ಕಂಪೋಸ್ ಮಾಡಿದ ಕೈಗಳು ಹೊಸದಾಗಿ ಏನೂ ಕಲಿಯಬೇಕಿಲ್ಲ. ಇದನ್ನು ತಿಳಿಯದೆ ಹೆದರಿ ಕೂತವರೇ ಬಹಳ.

ಬಾಕಿ ಉಳಿಯುವುದು ಸಮಯದ ಪ್ರಶ್ನೆ. ಲಗ್ನದ ಕಾಲದಲ್ಲಿ ಊಟಕ್ಕೇ ಪುರುಸೊತ್ತಿಲ್ಲದ ಅಂಗಡಿಯಲ್ಲಿ ಹಳೇ ಕಡತ ತಿರುಗಿಸುತ್ತಾ ಕೂರುವವರು ಯಾರು? ಆಷಾಢ ಇದೆಯಲ್ಲ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಕಂಪೋಸಿಂಗ್ ಹುಡುಗಿ ಮಧ್ಯಾಹ್ನ ಆಕಳಿಸುತ್ತಾ ಕೂರುವ ತಿಂಗಳು. ದಿನಕ್ಕೆ ಹತ್ತು ಕಡತ ಎಂದು ಹಿಡಿದರೂ ತಿಂಗಳಿಗೆ ಇನ್ನೂರೈವತ್ತರ ಮೇಲಾಗುತ್ತದೆ. ಮೊದಲು ಪದೇ ಪದೇ ಕೇಳುವ ಮದುವೆ ಮಾದರಿಗಳು, ಆಮೇಲೆ ದೇವಸ್ಥಾನದ ರಸೀತಿ, ಬಿಲ್ ಬುಕ್ಕು. ವೈಕುಂಠ ಸಮಾರಾಧನೆ ಪತ್ರಿಕೆಯನ್ನು ಮುಂದಕ್ಕೆ ಹಾಕುವ ಹಾಗಿಲ್ಲ. ಅದಕ್ಕೆ ಆಷಾಢವೂ ಇಲ್ಲ, ಶ್ರಾವಣವೂ ಇಲ್ಲ.